ಅಂತಿಮ ಸ್ನಾನ ಸೌಲಭ್ಯ

ಔರಾದದ ಕಮಾನ್ ಗಲ್ಲಿಯ ಗೋರಖನಾಥ ತೀರಿಕೊಂಡದ್ದು ಮೇ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆಗೆ. ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಎಪ್ಪತ್ತೆಂಟರ ವಯಸ್ಸು. ಚಹಾ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವರು ಮತ್ತೆ ಕಣ್ಣು ತೆರೆಯಲಿಲ್ಲ. ಸಾಯುವಾಗ ಅವರು ಯಾರಿಗೂ ತೊಂದರೆ ಕೊಡಲಿಲ್ಲ. ತೊಂದರೆ ಶುರುವಾದದ್ದು ಆಮೇಲೆ.

ಅವರ ಹೆಂಡತಿ ಭಾಗೀರಥಿಬಾಯಿ ಅತ್ತು ಮುಗಿಸಿ, ಹೆಣಕ್ಕೆ ಸ್ನಾನ ಮಾಡಿಸಲು ನೀರು ಹಿಡಿಯಿರೆಂದು ಸೊಸೆ ಉಜ್ವಲಾಳಿಗೆ ಹೇಳಿದರು. ಉಜ್ವಲಾ ನಳ ತಿರುಗಿಸಿದಳು. ನಳದ ಪಕ್ಕದ ಗೋಡೆಗೆ ಹೊಡೆದಿದ್ದ ಮೀಟರಿನಲ್ಲಿ ಕೆಂಪು ದೀಪ ಹತ್ತಿ ಮೂರು ಸಲ ಕೀಂ ಎಂದಿತು. ಮುಂಗಡ ದುಡ್ಡು ತುಂಬಿಸಿಟ್ಟ ನೀರಿನ ಕಾರ್ಡು ತೋರಿಸಿದಳು. ಕಾರ್ಡಿನಲ್ಲಿ ದುಡ್ಡಿತ್ತು. ಆದರೂ ಮೀಟರಿನ ಸಣ್ಣ ಪರದೆಯ ಮೇಲೆ ಒಂದು ಸಾಲು ಬಂತು: ‘ಸೇವೆ ತಾತ್ಕಾಲಿಕವಾಗಿ ಲಭ್ಯವಿಲ್ಲ. ನಿಮ್ಮ ಸಹಕಾರಕ್ಕೆ ಧನ್ಯವಾದ.’

ಮಗ ಅಶ್ವಜಿತ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರು. ಕಾರ್ಡಿನ ಹಿಂದೆ ಬರೆದಿದ್ದ ಸಹಾಯವಾಣಿಗೆ ನಾಲ್ಕು ಸಲ ಫೋನು ಮಾಡಿದ. ನಾಲ್ಕು ಸಲವೂ ಹಾಡು ಕೇಳಿಸಿತು. ಕೊನೆಗೆ ಅದೇ ಕಾರ್ಡಿನಲ್ಲಿ ‘ನಿಮ್ಮ ಗೆಳತಿ’ ಎಂಬ ಮಾತಿನ ಕೆಳಗೆ ಇದ್ದ ಮಂಜಿರಿಯ ನಂಬರಿಗೆ ಮಾಡಿದ.

ಮಂಜಿರಿ ಭಾಲ್ಕಿಯ ಹುಡುಗಿ. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಎರಡೂ ಅವಳಿಗೆ ನೀರು ಕುಡಿದಷ್ಟು ಸಲೀಸು. ಆ ಕಾರಣಕ್ಕೇ ಅಂಬುಧಾರಾ ಕಂಪನಿ ಅವಳನ್ನು ಸಮುದಾಯ ಸಂಪರ್ಕಾಧಿಕಾರಿ ಎಂದು ತೆಗೆದುಕೊಂಡಿತ್ತು. ಮೂವತ್ತು ವರ್ಷದ ಕರಾರಿನ ಮೇಲೆ ಔರಾದದ ನೀರು ಸರಬರಾಜು ಆ ಕಂಪನಿಯ ಕೈಗೆ ಹೋಗಿ ಒಂದೂವರೆ ವರ್ಷವಾಗಿತ್ತು. ಮನೆಮನೆಗೆ ಹೋಗಿ ಜನರನ್ನು ಒಪ್ಪಿಸಿ, ಮುಂಗಡ ಮೀಟರಿನ ಅರ್ಜಿಗೆ ಸಹಿ ಹಾಕಿಸುವುದು ಅವಳ ಕೆಲಸ. ಬೀದರಿನ ಚಿದ್ರಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ದಿನಾ ಬಸ್ಸಿನಲ್ಲಿ ಔರಾದಕ್ಕೆ ಹೋಗಿ ಬರುತ್ತಿದ್ದಳು.

ಕಮಾನ್ ಗಲ್ಲಿಯಲ್ಲಿ ಅವಳು ಮೊದಲು ಹೋದದ್ದು ಭಾಗೀರಥಿಬಾಯಿಯ ಮನೆಗೆ. ಆ ಮುದುಕಿ ಸಹಿ ಹಾಕಿದರೆ ಗಲ್ಲಿಯೇ ಸಹಿ ಹಾಕುತ್ತದೆ ಎಂದು ಎಲ್ಲರೂ ಹೇಳಿದ್ದರು.

‘ಗಲ್ಲಿ ಮೂಲ್ಯಾಗಿನ ಸರಕಾರಿ ನಳ ತೆಗೀತೀರೇನವ್ವ?’ ಭಾಗೀರಥಿಬಾಯಿ ಕೇಳಿದ್ದು ಅದೊಂದೇ ಪ್ರಶ್ನೆ.

‘ಇಲ್ರಿ ಆಯಿ, ಅದು ಇರ್ತದ. ಇದು ಮ್ಯಾಲಿಂದು.’

‘ನೋಡವ್ವ, ನಾ ಸಣ್ಣಾಕಿದ್ದಾಗ ಮನ್ನಳ್ಳ್ಯಾಗ ನಾವು ಬಾವಿ ಮುಟ್ಟೂ ಹಂಗ ಇರ್ಲಿಲ್ಲ. ಕೊಡ ಇಟ್ಟ್ಕೊಂಡು ಕೆಳಗ ಕೂಡ್ತಿದ್ವಿ. ಯಾರರೆ ಮ್ಯಾಲಿಂದ ಎತ್ತಿ ಸುರೂತನಕ ಕಾಯಬೇಕು. ಲಗ್ನಾಗಿ ಈ ಊರಿಗಿ ಬಂದ ಮ್ಯಾಲ, ನನ್ನ ಕೈಲೆ ನಾ ಮೊದಲ ಸಲ ತಿರುವಿದ್ದು ಆ ನಳ. ಅದಕ್ಕ ಕೇಳ್ದೆ.’

ಮಂಜಿರಿ ಮುದುಕಿಯ ಕೈ ಹಿಡಿದುಕೊಂಡಿದ್ದಳು. ಅವಳಿಗೆ ನಿಜವಾಗಿಯೂ ಸಂಕಟವಾಗಿತ್ತು. ಆದರೆ ಅದೇ ಸಂಜೆ ಅವಳು ಕಂಪನಿಗೆ ಕಳಿಸಿದ ವರದಿಯಲ್ಲಿ ಬರೆದದ್ದು ಇಷ್ಟು: ‘ಹಿರಿಯ ಮಹಿಳೆಯರಿಗೆ ಸಾರ್ವಜನಿಕ ನಳದ ಬಗ್ಗೆ ಭಾವನಾತ್ಮಕ ಸೆಳೆತವಿದೆ. ತೆರವಿನ ವಿಷಯವನ್ನು ಸದ್ಯ ಪ್ರಸ್ತಾಪಿಸದಿರುವುದು ಒಳಿತು.’ ತೆರವಿನ ವಿಷಯ ಅವಳಿಗೆ ತಿಳಿದು ಆಗಲೇ ಒಂದು ವಾರವಾಗಿತ್ತು. ಅರ್ಜಿಯ ಹಿಂಬದಿಯಲ್ಲಿ, ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅದು ಅಚ್ಚಾಗಿತ್ತು. ಅವಳು ಸಹಿ ಹಾಕಿಸುತ್ತ ಹೋದಳು. ನಾಲ್ಕನೇ ತಿಂಗಳಿಗೆ ಗಲ್ಲಿಯ ಮೂಲೆಯ ನಳ ಹೋಯಿತು. ಪೈಪಿನ ಬಾಯಿಗೆ ಸಿಮೆಂಟು ಬಿತ್ತು. ಭಾಗೀರಥಿಬಾಯಿ ಅವಳನ್ನು ಬೈಯಲಿಲ್ಲ. ಎದುರು ಸಿಕ್ಕಾಗ ನಿಂತು ಮಾತಾಡುವುದನ್ನು ಮಾತ್ರ ಬಿಟ್ಟರು.

ಆ ಭಾನುವಾರ ಅಶ್ವಜಿತನ ಫೋನು ಬಂದಾಗ ಮಂಜಿರಿ ಒದ್ದೆ ತಲೆಯಲ್ಲೇ ಬಸ್ಸು ಹತ್ತಿದಳು. ಔರಾದ ತಲುಪಿದಾಗ ಹತ್ತೂವರೆ. ಬಸ್ ನಿಲ್ದಾಣದಿಂದ ನೇರ ಪಂಪ್‌ಹೌಸಿಗೆ ನಡೆದಳು. ಅಲ್ಲಿ ಮಕ್ಬೂಲ ಬಾಗಿಲಲ್ಲೇ ಕೂತಿದ್ದ. ಇಪ್ಪತ್ತಾರು ವರ್ಷ ಊರಿಗೆ ನೀರು ಬಿಟ್ಟವನು. ಈಗ ಅದೇ ಪಂಪ್‌ಹೌಸಿನಲ್ಲಿ ಕಂಪನಿಯ ದಿನಗೂಲಿ. ಎದೆಯ ಮೇಲೆ ಕಂಪನಿಯ ಹೆಸರಿದ್ದ ನೀಲಿ ಅಂಗಿ.

‘ಮಕ್ಬೂಲಭಾಯ್, ವಾಲ್ ತೆಗೀರಿ. ಮನ್ಯಾಗ ಹೆಣ ಅದ.’

‘ಗೊತ್ತದರೀ ಮೇಡಮ್. ಗೋರಖನಾಥ ಸಾಹೇಬ್ರ ಬಸ್ಸಿನ್ಯಾಗೇ ನಾ ಸಾಲಿಗಿ ಹೋಗಿದ್ದು. ಮಯ್ಯತ್ ಮನಿಗಿ ನೀರ್ ಬಿಡಲಾರ್ದಂಥ ಮನಶ್ಯಾ ಅಲ್ರಿ ನಾ. ಆದ್ರ ಇದನ್ನ ತಿರುವೂದು ಹ್ಯಾಂಗ, ನೀವೇ ಹೇಳ್ರಿ.’

ಅವನು ತೋರಿಸಿದ. ಮೊದಲು ಕಬ್ಬಿಣದ ಚಕ್ರ ಇದ್ದ ಜಾಗದಲ್ಲಿ ಈಗ ಬೂದು ಬಣ್ಣದ ಪೆಟ್ಟಿಗೆ. ಅದಕ್ಕೆ ಚಕ್ರವಿಲ್ಲ, ಕೀಲಿ ಹಾಕುವ ತೂತೂ ಇಲ್ಲ.

‘ಕೀಲಿ ಪುಣೆದಾಗ, ಕಂಪನಿ ಆಫೀಸಿನ್ಯಾಗ ಅದರೀ,’ ಎಂದ ಮಕ್ಬೂಲ. ‘ಅಲ್ಲಿ ಕಂಪ್ಯೂಟರ್ ರಿಪೇರಿ ನಡದದಂತ. ಇವತ್ತ ಐತವಾರ. ಸಂಜಿಗಿ ಬರ್ತದಂತ ಮೆಸೇಜ್ ಬಂದದ. ಟಾಕಿ ತುಂಬಿ ಮ್ಯಾಲ ಸೋರ್ಲಿಕ್ಕ ಹತ್ತ್ಯದರೀ, ನೋಡ್ರಿ.’

ಮಂಜಿರಿ ತಲೆಯೆತ್ತಿ ನೋಡಿದಳು. ಮೇಲ್ಟಾಕಿ ತುಂಬಿ ಹೊರಚೆಲ್ಲಿ, ಮಾಂಜ್ರಾ ನದಿಯ ನೀರು ಗೋಡೆಗುಂಟ ಇಳಿದು ಮುಳ್ಳುಕಂಟಿಯ ಬುಡಕ್ಕೆ ಹೋಗುತ್ತಿತ್ತು. ಹಂದಿಗಳೆರಡು ಅಲ್ಲಿ ಹೊರಳಾಡುತ್ತಿದ್ದವು. ಬಕೀಟು ಹಿಡಿದು ಅಲ್ಲಿಂದಲೇ ಒಯ್ಯೋಣವೆಂದರೆ ಸುತ್ತ ತಂತಿಬೇಲಿ. ಬೇಲಿಗೆ ಕಂಪನಿಯ ಕಾವಲುಗಾರ. ಅವನು ಬಿಡಲಿಲ್ಲ. ‘ಕ್ಯಾಮೆರಾ ಅದರೀ, ನನ್ನ ನೌಕರಿ ಹೋಗ್ತದ,’ ಎಂದ. ಅವನೂ ಸುಳ್ಳು ಹೇಳುತ್ತಿರಲಿಲ್ಲ.

ಗೋರಖನಾಥರ ಮನೆಯಲ್ಲಿ ಅಷ್ಟೊತ್ತಿಗೆ ಮನ್ನಳ್ಳಿ, ಭಾಲ್ಕಿ, ಉದಗೀರದಿಂದ ನೆಂಟರು ಬಂದು ಸೇರಿದ್ದರು. ಅಂಗಳದ ತಗಡಿನ ಚಪ್ಪರದ ಕೆಳಗೆ ಹೆಣ ಮಲಗಿಸಿದ್ದರು. ಬಿಸಿಲು ನಲವತ್ತೆರಡು ಡಿಗ್ರಿ. ಬೋರ್‌ವೆಲ್ಲುಗಳು ಫೆಬ್ರವರಿಯಲ್ಲೇ ಬತ್ತಿದ್ದವು. ಐಸಿನ ಅಂಗಡಿಯಲ್ಲಿ ಐಸಿರಲಿಲ್ಲ, ಅಂಗಡಿಯವನಿಗೂ ಅದೇ ಮೀಟರು. ಅಶ್ವಜಿತ ಸಂತಪುರದ ಕಡೆಯಿಂದ ಒಂದು ಟ್ಯಾಂಕರು ತರಿಸಿದ್ದ. ಅದನ್ನು ಕಂಪನಿಯವರು ಊರಿನ ಹೊರಗೇ ತಡೆದರು. ಕಂಪನಿಯ ಸೇವಾ ವ್ಯಾಪ್ತಿಯೊಳಗೆ ಬೇರೆಯವರ ನೀರು ತರಬೇಕಾದರೆ ಕಂಪನಿಯ ಪರವಾನಗಿ ಬೇಕು, ಹಾಗೆಂದು ಕರಾರಿನಲ್ಲಿದೆಯಂತೆ. ಟ್ಯಾಂಕರಿನವನು ಅರ್ಧ ತಾಸು ಜಗಳಾಡಿ ವಾಪಸು ಹೋದ.

ಮಂಜಿರಿ ಒಳಗೆ ಬಂದಾಗ ಉಜ್ವಲಾ ಬೀಸಣಿಗೆಯಿಂದ ಹೆಣದ ಮುಖದ ಮೇಲಿನ ನೊಣ ಓಡಿಸುತ್ತಿದ್ದಳು. ವಾಸನೆ ಆಗಲೇ ಶುರುವಾಗಿತ್ತು. ಊದುಬತ್ತಿಯ ಹೊಗೆಯ ಹಿಂದೆ, ಎಲ್ಲರಿಗೂ ಗೊತ್ತಾಗುವಷ್ಟು, ಯಾರೂ ಬಾಯಿ ಬಿಟ್ಟು ಹೇಳದಷ್ಟು. ನೆರೆಯ ಹೆಂಗಸರು ಮನೆಗಳಲ್ಲಿ ಉಳಿದಿದ್ದ ಕುಡಿಯುವ ನೀರನ್ನೇ ಒಂದೊಂದು ತಂಬಿಗೆ ತಂದು ಒಂದು ಪಾತ್ರೆಗೆ ಸುರಿಯುತ್ತಿದ್ದರು. ಎದುರುಮನೆಯ ಆಯೆಶಾ ತಂದ ತಂಬಿಗೆ ಅರ್ಧವೇ ಇತ್ತು. ಅವಳು ಅದಕ್ಕೂ ಮಾಫಿ ಕೇಳಿದಳು. ಅಷ್ಟೆಲ್ಲ ಸೇರಿ ಪಾತ್ರೆಯ ತಳ ಮುಚ್ಚಿತ್ತು.

ಮಂಜಿರಿ ಹಿತ್ತಲಿಗೆ ಹೋಗಿ ತನ್ನ ಮೇಲಧಿಕಾರಿ ಕೌಶಿಕನಿಗೆ ಫೋನು ಮಾಡಿದಳು. ಅವನೂ ಬೀದರ ಜಿಲ್ಲೆಯವನೇ. ಪುಣೆಯಲ್ಲಿ ಓದಿ, ಈಗ ಮೂರು ತಾಲ್ಲೂಕುಗಳ ಮುಖ್ಯಸ್ಥ.

‘ಸರ್, ನಾಚಿಕಿ ಆಗ್ಲಿಕ್ಕ ಹತ್ತ್ಯದ. ಏನರೆ ಮಾಡ್ರಿ.’

‘ಅಳಬ್ಯಾಡ್ರಿ ಮಂಜಿರಿ. ನಾನೇ ಬರ್ತೇನಿ,’ ಎಂದ ಕೌಶಿಕ. ಅವನ ದನಿಯಲ್ಲಿ ನಿಜವಾದ ಕನಿಕರವಿತ್ತು. ಅದೇ ಅವನಲ್ಲಿ ಭಯಂಕರವಾದದ್ದು ಎಂದು ಅವಳಿಗೆ ತಿಳಿಯಲು ಇನ್ನೂ ಎರಡು ತಾಸು ಬೇಕಾಯಿತು.

ಒಂದು ಗಂಟೆಗೆ ಕಂಪನಿಯ ಜೀಪು ಗಲ್ಲಿಗೆ ಬಂತು. ಅದರಲ್ಲಿ ಇಪ್ಪತ್ತು ಲೀಟರಿನ ಇಪ್ಪತ್ತು ಕ್ಯಾನುಗಳು. ಪ್ರತಿಯೊಂದರ ಮೇಲೂ ಕಂಪನಿಯ ನೀಲಿ ಹನಿಯ ಗುರುತು. ಕೌಶಿಕ ಬೂಟು ಬಿಚ್ಚಿಟ್ಟು ಒಳಗೆ ಬಂದ, ಹೆಣಕ್ಕೆ ಕೈಮುಗಿದ, ಭಾಗೀರಥಿಬಾಯಿಯ ಕಾಲು ಮುಟ್ಟಿದ. ಆಮೇಲೆ ಮಂಜಿರಿಯ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ:

‘ಆಯಿ ಕ್ಯಾನ್ ತಗೊಳ್ಳೂ ಮುಂದ ಒಂದ್ ಫೋಟೋ ತಗೀರಿ. ಗುರುತು ಕಾಣೂ ಹಂಗ. ಹೆಣ ಕಾಣಬಾರ್ದು, ಹಾಂ.’

ಮಂಜಿರಿ ಅವನ ಮುಖ ನೋಡಿದಳು. ಬೇಡವೆನ್ನಬಹುದಿತ್ತು. ಅನ್ನಲಿಲ್ಲ. ಫೋನು ತೆಗೆದಳು. ಭಾಗೀರಥಿಬಾಯಿ ಎರಡೂ ಕೈ ಚಾಚಿ ಕ್ಯಾನು ಅಪ್ಪಿಕೊಂಡದ್ದು, ಅವರ ಕಣ್ಣು ಊದಿಕೊಂಡದ್ದು, ಬಾಯಿ ಸ್ವಲ್ಪ ತೆರೆದಿದ್ದದ್ದು, ಎಲ್ಲ ಅವಳ ಫೋನಿನೊಳಗೆ ಹೋಯಿತು. ಮೂರು ಸಲ ತೆಗೆದಳು. ಮೊದಲನೆಯದರಲ್ಲಿ ನೀಲಿ ಹನಿ ಸರಿಯಾಗಿ ಬಂದಿರಲಿಲ್ಲ.

ಗೋರಖನಾಥರಿಗೆ ಸ್ನಾನವಾಯಿತು. ಬಿಳಿ ಬಟ್ಟೆ ಹೊದಿಸಿ, ಬೌದ್ಧ ಪದ್ಧತಿಯಂತೆ ತ್ರಿಶರಣ ಪಂಚಶೀಲ ಹೇಳಿ, ಮೂರು ಗಂಟೆಯ ಬಿಸಿಲಿನಲ್ಲಿ ಎತ್ತಿಕೊಂಡು ಹೋದರು. ಮಂಜಿರಿ ಬಸ್ ನಿಲ್ದಾಣದ ಹಿಂದೆ ನಿಂತು ವಾಂತಿ ಮಾಡಿದಳು. ಬಾಯಿ ತೊಳೆಯಲು ನೀರಿರಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಚಿದ್ರಿಯ ಕೋಣೆಗೆ ಹೋದಳು. ಮರುದಿನ ಎಂದಿನಂತೆ ಕೆಲಸಕ್ಕೂ ಹೋದಳು. ಎರಡು ದಿನ ಊಟ ಸೇರಲಿಲ್ಲ, ಮೂರನೇ ದಿನ ಸೇರಿತು. ಅದು ಅವಳಿಗೆ ಇನ್ನೂ ಅಸಹ್ಯವೆನಿಸಿತು.

ಜುಲೈಯಲ್ಲಿ ಬೀದರಿನ ಒಂದು ಹೋಟೆಲಿನ ಸಭಾಂಗಣದಲ್ಲಿ ಕಂಪನಿ ಒಂದು ದಿನದ ಕಾರ್ಯಕ್ರಮ ಇಟ್ಟುಕೊಂಡಿತು. ಬಂಡವಾಳ ಹಾಕುವ ಸಂಸ್ಥೆಯಿಂದ ಮೂವರು ಹೊರದೇಶದವರು ಬರುವವರಿದ್ದರು. ‘ತೃಪ್ತ ಗ್ರಾಹಕರು’ ಅವರೆದುರು ಮಾತಾಡಬೇಕು, ಮಂಜಿರಿ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಕೌಶಿಕ ಭಾಗೀರಥಿಬಾಯಿಯನ್ನೂ ಕರೆಸಿದ. ಅವರು ಬರಲಾರರು ಎಂದು ಮಂಜಿರಿ ನಂಬಿದ್ದಳು. ಅವರು ಬಂದರು. ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ಅಶ್ವಜಿತನ ಜತೆ.

‘ಕರದ್ರು, ಬಂದೆ,’ ಎಂದರು. ‘ನನಗೂ ಹೇಳೂದದ.’

ಮೊದಲು ಕೌಶಿಕ ಪರದೆಯ ಮೇಲೆ ಭೂಪಟ ತೋರಿಸಿದ. ಮನಿಲಾ, ಜಕಾರ್ತಾ, ಸಾಂಟಿಯಾಗೊ. ಇಡೀ ಜಗತ್ತು ಈ ದಾರಿಯಲ್ಲಿ ಬರುತ್ತಿದೆ, ನಮ್ಮ ಹಿಂದುಳಿದ ಗಡಿನಾಡೂ ಹಿಂದೆ ಬಿದ್ದಿಲ್ಲ ಎಂದ. ಕೊನೆಯ ಸಾಲಿನಲ್ಲಿ ಕೂತಿದ್ದ ಅಶ್ವಜಿತ ಎದ್ದು ನಿಂತ.

‘ಸಾಹೇಬ್ರ, ಅರ್ಧಾ ಭೂಪಟ ತೋರ್ಸ್ಲಿಕ್ಕ ಹತ್ತೀರಿ. ಕೋಚಬಾಂಬಾ ಅನ್ನೂ ಊರಾಗ ಮಂದಿ ಬೀದಿಗಿಳದು ಕಂಪನಿನ ಓಡ್ಸಿದ್ರು. ಪ್ಯಾರಿಸ್‌ದವ್ರು ಕರಾರ ಮುಗದ ಮ್ಯಾಲ ನೀರ್ ವಾಪಸ್ ತಗೊಂಡ್ರು. ಅವ್ರದೇ ದೇಶದ ದೊಡ್ಡ ಕಂಪನಿಗೋಳಿದ್ರೂ ಬ್ಯಾಡಂದ್ರು. ಅದನ್ನೂ ತೋರಿಸ್ರಿ.’

‘ಒಳ್ಳೇ ಪಾಯಿಂಟ್ ಸರ್. ಚರ್ಚಾದಾಗ ತಗೊಳ್ಳೋಣ್ರಿ,’ ಎಂದು ಕೌಶಿಕ ನಕ್ಕ. ಚರ್ಚೆಗೆ ಆಮೇಲೆ ಸಮಯ ಉಳಿಯಲಿಲ್ಲ.

ಮುಂದಿನ ಚಿತ್ರ ಪರದೆಯ ಮೇಲೆ ಬಂದಾಗ ಮಂಜಿರಿ ತಲೆ ತಗ್ಗಿಸಿದಳು. ಗೋಡೆಯಷ್ಟು ದೊಡ್ಡ ಭಾಗೀರಥಿಬಾಯಿ, ಕ್ಯಾನು ಅಪ್ಪಿಕೊಂಡು. ಕೆಳಗೆ ಇಂಗ್ಲಿಷಿನಲ್ಲಿ ‘ಕಷ್ಟಕಾಲದಲ್ಲೂ ನಿಮ್ಮ ಜತೆ’ ಎಂಬ ಅರ್ಥದ ಸಾಲು. ಜನ ಚಪ್ಪಾಳೆ ತಟ್ಟಿದರು. ಭಾಗೀರಥಿಬಾಯಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೈಕಿನ ಹತ್ತಿರ ಹೋದರು.

‘ಆ ಫೋಟೋದಾಗ ನನ್ನ ಬಲಕ್ಕ ನನ್ನ ಗಂಡನ ಹೆಣ ಅದ. ಅದನ್ನ ಕತ್ತರಿಸ್ಯಾರ. ಮುಂಜಾನಿ ಏಳರಿಂದ ಮಧ್ಯಾಹ್ನ ಒಂದರ ತನಕ ಅದು ನೀರಿಲ್ದ ಬಿದ್ದಿತ್ತು. ಟಾಕಿ ತುಂಬಿ ಸೋರ್ತಿತ್ತು. ಕಾರ್ಡಿನ್ಯಾಗ ನನ್ನ ರೊಕ್ಕ ಇತ್ತು. ಸಣ್ಣಾಕಿದ್ದಾಗ ಬಾವಿ ಮ್ಯಾಲಿನವ್ರು ಎತ್ತಿ ಹಾಕೂತನಕ ಕಾಯ್ತಿದ್ವಿ. ಈಗ ಪುಣೆದವ್ರು ಬಿಡೂತನಕ ಕಾಯ್ತೇವಿ. ಬಾವಿ ಮ್ಯಾಲಿನವ್ರ ಮಾರಿ ಆದ್ರೂ ಕಾಣ್ತಿತ್ತು.’

ಕೌಶಿಕ ಮಂಜಿರಿಯನ್ನು ನೋಡಿ ಹುಬ್ಬು ಏರಿಸಿದ. ಸ್ವಲ್ಪ ಮೆತ್ತಗೆ ಮಾಡು ಎಂದು ಅದರ ಅರ್ಥ. ಇಷ್ಟು ದಿನ ಅವಳು ಮಾಡಿದ್ದು ಅದೇ ಕೆಲಸ. ಆ ದಿನ ಅವಳು ಒಂದು ಪದವನ್ನೂ ಬಿಡದೆ, ಒಂದನ್ನೂ ಮೆತ್ತಗೆ ಮಾಡದೆ ಹೇಳಿದಳು. ‘ಹೆಣ’ ಎಂಬ ಪದಕ್ಕೂ ನಯವಾದ ಮಾತು ಹುಡುಕಲಿಲ್ಲ.

ಅತಿಥಿಗಳಲ್ಲಿ ಒಬ್ಬಾಕೆ ಕರವಸ್ತ್ರದಿಂದ ಕಣ್ಣೊರೆಸಿಕೊಂಡಳು. ಈಗ ಏನೋ ಆಗುತ್ತದೆ ಎಂದು ಮಂಜಿರಿಗೆ ಅನಿಸಿತು. ಆಕೆ ಮುಂದಕ್ಕೆ ಬಾಗಿ, ಬಹಳ ನಯವಾಗಿ ಒಂದು ಪ್ರಶ್ನೆ ಕೇಳಿದಳು. ಮಂಜಿರಿ ಅದನ್ನು ಕನ್ನಡಕ್ಕೆ ತರಲಿಲ್ಲ.

‘ಏನ್ ಕೇಳಿದ್ಳು?’ ಎಂದರು ಭಾಗೀರಥಿಬಾಯಿ.

‘ಏನಿಲ್ರಿ ಆಯಿ.’

‘ಹೇಳು. ಇವತ್ತರೆ ಖರೇ ಹೇಳು.’

‘ಇಂಥಾ ಟೈಮಿನ್ಯಾಗ ಜಲ್ದಿ ನೀರ್ ಸಿಗೂ ಹಂಗಿದ್ರ, ಅದಕ್ಕ ಸ್ವಲ್ಪ ಜಾಸ್ತಿ ರೊಕ್ಕ ಕೊಡ್ಲಿಕ್ಕ ನೀವು ತಯಾರದೀರೇನಂತ ಕೇಳ್ಲಿಕ್ಕ ಹತ್ಯಾರ.’

ಭಾಗೀರಥಿಬಾಯಿ ಆ ಅತಿಥಿಯನ್ನು ನೋಡಿದರು. ಸಿಟ್ಟಿರಲಿಲ್ಲ. ಹೊಲಸು ತುಳಿದ ಕಾಲನ್ನು ನೋಡಿಕೊಳ್ಳುವಂತೆ ನೋಡಿದರು.

‘ಆಕಿ ಊರಾಗ ಹೆಣಕ್ಕ ಮೈ ತೊಳೀಲಿಕ್ಕ ಎಷ್ಟ್ ತಗೋತಾರಂತ ಕೇಳು.’

ಮಂಜಿರಿ ಕೇಳಿದಳು. ಆಕೆಯ ಮುಖ ಕೆಂಪಾಯಿತು. ಕೌಶಿಕ ಎದ್ದು ಎಲ್ಲರಿಗೂ ಧನ್ಯವಾದ ಹೇಳಿ ಊಟಕ್ಕೆ ಕರೆದ. ಮೇಜಿನ ಮೇಲೆ ಪ್ರತಿ ತಟ್ಟೆಯ ಪಕ್ಕವೂ ಒಂದು ಬಾಟಲಿ ನೀರಿತ್ತು. ತಾಯಿ, ಮಗ ಊಟ ಮಾಡದೆ ಬಸ್ಸು ಹಿಡಿಯಲು ಹೋದರು.

ಬೈಗುಳ ಬರುತ್ತದೆಂದು ಮಂಜಿರಿ ಕಾದಳು. ಬರಲಿಲ್ಲ. ಮೂರು ವಾರದ ನಂತರ ಕೌಶಿಕ ಅವಳನ್ನು ಭಾಲ್ಕಿಯ ಕಚೇರಿಗೆ ಕರೆದು ಕುರ್ಚಿ ಕೊಟ್ಟ. ಖುಷಿಯಲ್ಲಿದ್ದ.

‘ನಿಮ್ಮ ಅನುವಾದ ಭಾಳ ಕೆಲಸ ಮಾಡ್ತು ನೋಡ್ರಿ. ಅವ್ರಿಗಿ ಭಾಳ ಮನಸ್ಸಿಗಿ ಹತ್ತ್ಯದ. ಹೊಸಾ ಯೋಜನಾ ಮಂಜೂರ್ ಆಗ್ಯದ. ಮರಣ ಪ್ರಮಾಣಪತ್ರ ಮೊಬೈಲಿನ್ಯಾಗ ಹಾಕಿದ್ರ ಇನ್ನೂರ್ ಲೀಟರ್ ತಕ್ಷಣ ಬಿಡ್ತದ. ಆಮ್ಯಾಲ ಕಂತಿನ್ಯಾಗ ಕಟ್ಟಬಹುದು. ಇದಕ್ಕೊಂದ್ ಛಲೋ ಕನ್ನಡ ಹೆಸರ್ ಬೇಕು. “ಅಂತಿಮ ಸ್ನಾನ ಸೌಲಭ್ಯ” ಅಂತ ನಾ ಅನ್ಕೊಂಡೇನಿ. ಸ್ವಲ್ಪ ಒಣಾ ಅನಸ್ತದ. ನೀವು ಇದರಾಗ ಶಾಣ್ಯಾರದೀರಿ, ಒಂದಿಷ್ಟ್ ಮಮತಾ ಇರೂ ಹಂಗ ಹೇಳ್ರಿ.’

ಮಂಜಿರಿ ಅವನ ಕೈ ನೋಡಿದಳು. ಪೆನ್ನು ತೆರೆದು, ಬರೆದುಕೊಳ್ಳಲು ಕಾಯುತ್ತಿತ್ತು. ಸತ್ತ ದಿನವೇ ಮರಣ ಪ್ರಮಾಣಪತ್ರ ಯಾರು ಕೊಡುತ್ತಾರೆ ಎಂದು ಅವಳಿಗೆ ಕೇಳಬೇಕೆನಿಸಿತು. ಕೇಳಿದರೆ ಅದನ್ನೂ ಬರೆದುಕೊಂಡು, ಅದಕ್ಕೂ ಒಂದು ಸೌಲಭ್ಯ ಮಾಡುತ್ತಾನೆ ಎಂದು ಗೊತ್ತಾಯಿತು. ಇವರಿಗೆ ಏನು ಕೊಟ್ಟರೂ ಜೀರ್ಣವಾಗುತ್ತದೆ. ಅಳು ಕೊಟ್ಟರೂ, ಉಗುಳು ಕೊಟ್ಟರೂ.

‘ಸರ್, ನನಗ ಹೊಲಸ ಅನಸ್ತದ,’ ಎಂದಳು.

‘ಯಾವ ಹೆಸರು?’

‘ಎಲ್ಲಾ. ನೀವು. ಅದಕ್ಕಿಂತ ಜಾಸ್ತಿ ನಾನು.’

ಕೊರಳಿನ ಗುರುತಿನ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟು ಹೊರಬಂದಳು. ಕೌಶಿಕ ಬಾಗಿಲ ತನಕ ಬಂದ. ಅವಳಿಗೆ ದಣಿವಾಗಿದೆ, ಒಂದು ವಾರ ರಜೆ ತೆಗೆದುಕೊಳ್ಳಬೇಕು ಎಂದ.

ಅವಳು ರಜೆ ತೆಗೆದುಕೊಳ್ಳಲಿಲ್ಲ. ನೇರ ಔರಾದಕ್ಕೆ ಹೋದಳು. ಕಮಾನ್ ಗಲ್ಲಿಯ ನಳ ತೆಗೆದದ್ದರ ವಿರುದ್ಧ ಅಶ್ವಜಿತ ಸರಕಾರದ ನೀರಿನ ಸಮಿತಿಗೆ ತಕರಾರು ಹಾಕಿದ್ದ. ಜನರೇ ಸಹಿ ಹಾಕಿ ಒಪ್ಪಿದ್ದಾರೆ ಎನ್ನುವುದು ಕಂಪನಿಯ ಉತ್ತರವಾಗಿತ್ತು. ಮಂಜಿರಿ ಅಶ್ವಜಿತನ ಎದುರು ಕೂತು ತನ್ನ ಹೇಳಿಕೆಯನ್ನು ಕೈಯಾರೆ ಬರೆದಳು. ಅವನು ಓದುತ್ತ ಒಂದು ಸಾಲಿಗೆ ಬಂದು ನಿಲ್ಲಿಸಿದ.

‘“ನಳ ತೆಗೆಯುವ ವಿಷಯ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿ ಸಹಿ ಪಡೆದೆ.” ಇದನ್ನ ಬಿಟ್ಟ್ರೂ ನಡೀತದರೀ ಮೇಡಮ್. ಕಂಪನಿ ಹೇಳಿದ್ದನ್ನ ನಂಬಿದ್ದೆ ಅಂತ ಬರೀರಿ. ಇಲ್ಲಂದ್ರ ನಿಮ್ಮ ಮ್ಯಾಲೇ ಬರ್ತದ.’

‘ಬರ್ಲಿ ಬಿಡ್ರಿ,’ ಎಂದಳು ಮಂಜಿರಿ. ‘ಅದೊಂದೇ ಸಾಲು ಖರೇದು.’

ವಿಚಾರಣೆ ಎರಡು ಸಲ ಮುಂದೆ ಹೋಗಿ ಮೂರನೇ ಸಲ ನಡೆಯಿತು. ಮಂಜಿರಿ ನಿಂತು ತನ್ನ ಹೇಳಿಕೆಯನ್ನು ಗಟ್ಟಿಯಾಗಿ ಓದಿದಳು. ಕಂಪನಿಯ ವಕೀಲ ಅವಳನ್ನು ಸುಳ್ಳುಗಾರ್ತಿ ಎಂದ. ಹೌದೆಂದಳು. ಹಿಂದೆ ಕೂತಿದ್ದ ಗಲ್ಲಿಯ ಹೆಂಗಸರಲ್ಲಿ ಒಬ್ಬರು ಥೂ ಎಂದದ್ದು ಕೇಳಿಸಿತು. ಯಾರಿಗೆ ಎಂದು ಅವಳು ತಿರುಗಿ ನೋಡಲಿಲ್ಲ.

ಸಮಿತಿ ಸಾರ್ವಜನಿಕ ನಳ ಮತ್ತೆ ಹಾಕಬೇಕೆಂದು ಹೇಳಿತು. ಮೂವತ್ತು ವರ್ಷದ ಕರಾರನ್ನು ಮುಟ್ಟಲಿಲ್ಲ. ಅದು ತನ್ನ ಅಧಿಕಾರದಲ್ಲಿಲ್ಲ ಎಂದಿತು. ನಳ ಬಂತು, ದಿನಕ್ಕೆ ಒಂದು ತಾಸು. ಕಂಪನಿ ಆ ನಳದ ಮೇಲೂ ತನ್ನ ನೀಲಿ ಹನಿಯ ಹಲಗೆ ಹಾಕಿ, ಇದು ತನ್ನ ಸಮಾಜಸೇವೆ ಎಂದು ಬರೆಸಿತು. ಮಂಜಿರಿಗೆ ವಕೀಲರ ನೋಟಿಸು ಬಂತು. ಮಕ್ಬೂಲನನ್ನು ಕಾರಣ ಹೇಳದೆ ತೆಗೆದುಹಾಕಿದರು.

ಇದಕ್ಕೆಲ್ಲ ಮೊದಲು, ವಿಚಾರಣೆ ಮುಗಿದ ದಿನವೇ, ಬಸ್ ನಿಲ್ದಾಣದಲ್ಲಿ ಮಂಜಿರಿ ಭಾಗೀರಥಿಬಾಯಿಯ ಪಕ್ಕದ ಕಟ್ಟೆಯ ಮೇಲೆ ಕೂತಳು.

‘ಆಯಿ, ಮಾಫ್ ಮಾಡ್ರಿ.’

‘ಮಾಫಿ ನನ್ನ ಹತ್ರ ಇಲ್ಲವ್ವ,’ ಎಂದರು ಭಾಗೀರಥಿಬಾಯಿ. ‘ಇದ್ರ ಕೊಡ್ತಿದ್ದೆ. ನಿಮ್ಮ ಭಾಲ್ಕಿಯಾಗ ಮೀಟರಿನ ಸಹಿ ಶುರು ಆಗ್ಯಾವೇನು?’

‘ಮುಂದಿನ ತಿಂಗಳ ಶುರು ಮಾಡ್ತಾರಂತ್ರಿ.’

‘ಹಂಗಾದ್ರ ಇಲ್ಲಿ ಯಾಕ ಕೂತಿ?’

ಮಂಜಿರಿ ಚಿದ್ರಿಯ ಕೋಣೆ ಬಿಟ್ಟು ಭಾಲ್ಕಿಗೆ ಹೋದಳು. ಅಪ್ಪ ನಾರಾಯಣ ನಿವೃತ್ತ ಗುಮಾಸ್ತರು. ಕೈಗೆ ಬಂದ ನೌಕರಿ ಕಳೆದುಕೊಂಡಳೆಂದು ಎಂಟು ದಿನ ಅವಳ ಜತೆ ಮಾತು ಬಿಟ್ಟರು. ಒಂಬತ್ತನೇ ದಿನ ಅವಳು ಕಂಪನಿಯ ಖಾಲಿ ಅರ್ಜಿಯೊಂದನ್ನು ತೆಗೆದುಕೊಂಡು, ಹಿಂಬದಿಯ ಇಂಗ್ಲಿಷಿಗೆ ದಪ್ಪ ಅಕ್ಷರದಲ್ಲಿ ಕನ್ನಡವನ್ನೂ ಮರಾಠಿಯನ್ನೂ ಬರೆದು, ಹಳೆಯ ಬಜಾರಿನ ಹಿಂದಿನ ಓಣಿಗೆ ಹೋದಳು. ಮೊದಲ ಮನೆಯ ಹೆಂಗಸು ಅವಳ ಕೈಯ ಕಾಗದ ಕಂಡದ್ದೇ ಬಾಗಿಲಿಗೆ ಅಡ್ಡ ನಿಂತಳು.

‘ನೀ ಯಾವ ಕಂಪನಿದಾಕಿ?’

‘ಯಾವ ಕಂಪನಿದೂ ಅಲ್ರಿ.’

‘ಎಲ್ಲಾರೂ ಹಂಗೇ ಅಂತಾರ,’ ಎಂದು ಆ ಹೆಂಗಸು ಬಾಗಿಲನ್ನು ಅರ್ಧ ಮುಚ್ಚಿದಳು. ಮಂಜಿರಿ ಹೊಸ್ತಿಲ ಹೊರಗೇ ನಿಂತು, ಉಳಿದ ಅರ್ಧ ಬಾಗಿಲಿಗೆ, ತಾನು ಔರಾದದಲ್ಲಿ ಏನು ಮಾಡಿದ್ದೆ ಎಂಬುದನ್ನು ಮೊದಲಿನಿಂದ ಹೇಳತೊಡಗಿದಳು.